ಮೂತ್ರದ ದಾರಿಯಲ್ಲಿ ದೀಪ

ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆ ಗಂಡಸರು ಮೂತ್ರದ ತೊಂದರೆಯನ್ನು ಮನೆಯವರಿಗೂ ಹೇಳದೆ ಮುಚ್ಚಿಟ್ಟುಕೊಳ್ಳುವುದೇ ಹೆಚ್ಚು. ಕಡೆಗೊಂದು ದಿನ ಸ್ಕ್ಯಾನ್ ವರದಿಯಲ್ಲಿ ‘ಪ್ರಾಸ್ಟೇಟ್ ಸಿಸ್ಟ್’ ಎಂದು ಕಂಡರೆ ಮೊದಲು ಹುಟ್ಟುವ ಪ್ರಶ್ನೆ: “ಹ್ವಾಯ್ ಡಾಕ್ಟ್ರೇ, ಹೊಟ್ಟಿ ಕೊಯ್ಕಾ?” ಈಗ ಬಹುತೇಕ ಬೇಡ. ಆದರೆ ಆ ಉತ್ತರ ಸಿದ್ಧವಾಗಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಪ್ರಾಸ್ಟೇಟ್ ಇರುವುದು ಮೂತ್ರಕೋಶದ ಬುಡದಲ್ಲಿ, ಸಿಪ್ಪೆ ಸುಲಿಯದ ಅಡಿಕೆಯಷ್ಟು ಗಾತ್ರದಲ್ಲಿ. ಅದರ ನಡುಮಧ್ಯದಲ್ಲಿ ಕಾಣುವ ಕೆಲವು ಸಿಸ್ಟ್‌ಗಳ, ಅಂದರೆ ನೀರುಗುಳ್ಳೆಗಳ, ಮೂಲ ವಿಚಿತ್ರ. ತಾಯಿಯ ಹೊಟ್ಟೆಯಲ್ಲಿರುವಾಗ ಹೆಣ್ಣುಶಿಶುವಿನಲ್ಲಿ ಗರ್ಭಕೋಶವಾಗಿ ಬೆಳೆಯುವ ನಾಳ ಗಂಡುಶಿಶುವಿನಲ್ಲಿ ಕರಗಿಹೋಗಬೇಕು. ಪೂರ್ತಿ ಕರಗದೆ ಉಳಿದ ಚೂರೇ ಮುಂದೆ ಗುಳ್ಳೆಯಾಗಿ ಊದಿಕೊಳ್ಳಬಹುದು. ಜಾಗ ಆಳದ್ದು. ಹೊರಗಿನಿಂದ ಕೊಯ್ದು ತಲುಪುವಷ್ಟರಲ್ಲಿ ಅಕ್ಕಪಕ್ಕದ ನರಗಳಿಗೂ ಗುದನಾಳಕ್ಕೂ ಪೆಟ್ಟಾಗುವ ಭಯ.

ದೇಹದಲ್ಲಿರುವ ಮೂತ್ರದ ದಾರಿಯಿಂದಲೇ ಒಳಗೆ ಹೋಗೋಣವೆಂದರೆ ಅಲ್ಲಿ ಕತ್ತಲು. 1806ರಲ್ಲಿ ಫ್ರಾಂಕ್‌ಫರ್ಟಿನ ಬೊಜ್ಜಿನಿ ಮೇಣದಬತ್ತಿ, ಕನ್ನಡಿ ಹಿಡಿದು ಇಣುಕಲು ನೋಡಿದ. 1877ರಲ್ಲಿ ಡ್ರೆಸ್ಡೆನ್‌ನಲ್ಲಿ ಮ್ಯಾಕ್ಸ್ ನಿಟ್ಜೆ ದೀಪವನ್ನೇ ಕೊಳವೆಯ ತುದಿಗೆ ಒಯ್ದ. ಅದು ಕಾದು ಕೆಂಪಾದ ಪ್ಲಾಟಿನಂ ತಂತಿ. ಒಳಗೆ ಸುಡದಿರಲೆಂದು ಸುತ್ತ ನೀರು ಹರಿಸಬೇಕಿತ್ತು! 1926ರಲ್ಲಿ ನ್ಯೂಯಾರ್ಕಿನ ಸ್ಟರ್ನ್ ಅದೇ ದಾರಿಯಲ್ಲಿ ಕೊಯ್ಯುವ ತಂತಿಬಳೆಯನ್ನೂ ಸೇರಿಸಿದ. 1959ರಲ್ಲಿ ಬ್ರಿಟನ್ನಿನ ಹೆರಾಲ್ಡ್ ಹಾಪ್ಕಿನ್ಸ್ ಗಾಜಿನ ಕಡ್ಡಿಗಳನ್ನು ಜೋಡಿಸಿ ರೂಪಿಸಿದ ಮಸೂರದಿಂದ ಚಿತ್ರ ನಿಚ್ಚಳವಾಯಿತು. ನನ್ನ ಪ್ರಕಾರ ನಿಜವಾದ ತಿರುವು ಇದೇ. ಕಾಣದ್ದನ್ನು ಕೊಯ್ಯುವ ಧೈರ್ಯ ಯಾವ ಸರ್ಜನ್ನಿಗೂ ಒಳ್ಳೆಯದಲ್ಲ. 1973ರಲ್ಲಿ ಫಾರ್ಲಿ ಮತ್ತು ಬಾರ್ನ್ಸ್ ಎಂಬ ವೈದ್ಯರು, ವೀರ್ಯನಾಳದ ತುದಿ ಕಟ್ಟಿಕೊಂಡದ್ದನ್ನು ಹೀಗೆ ಒಳಗಿನಿಂದಲೇ ಬಿಡಿಸಿದ್ದನ್ನು ವರದಿ ಮಾಡಿದರು.

ಇವತ್ತು ಸಾಮಾನ್ಯವಾಗಿ ಬೆನ್ನಿಗೊಂದು ಇಂಜೆಕ್ಷನ್ ಕೊಟ್ಟು, ಸುಮಾರು 8 ಮಿ.ಮೀ. ದಪ್ಪದ ಕೊಳವೆ ಇಳಿಸುತ್ತಾರೆ. ಟಿವಿ ಪರದೆಯ ಮೇಲೆ ಮೂತ್ರನಾಳದ ನೆಲದಲ್ಲೊಂದು ಚಿಕ್ಕ ದಿಬ್ಬ ಕಾಣಿಸುತ್ತದೆ. ಡಾಕ್ಟರುಗಳ ಬಾಯಲ್ಲಿ ಅದು ‘ವೆರು’. ಅದರಿಂದ ಕೆಳಗೆ ತಂತಿ ಜಾರಿದರೆ ಮೂತ್ರ ಹಿಡಿದಿಡುವ ಸ್ನಾಯುವಿಗೇ ಕುತ್ತು. ದಿಬ್ಬದ ಬಳಿ ಗುಳ್ಳೆಯ ಚಾವಣಿಯನ್ನಷ್ಟೇ ತೆಗೆದರೆ ಒಳಗಿನ ದ್ರವ ಹೊರಬರುತ್ತದೆ. ಇಡೀ ಗುಳ್ಳೆಯನ್ನು ಕಿತ್ತು ತೆಗೆಯುವ ಗೋಜಿಲ್ಲ. ಆಮೇಲೆ ಒಂದೆರಡು ದಿನ ಮೂತ್ರಕ್ಕೆ ಪೈಪು.

ಇಂಥ ಚಿಕಿತ್ಸೆಗೆ ಬೈಂದೂರು, ಕುಂದಾಪುರ, ಬ್ರಹ್ಮಾವರದವರಿಗೆ ದೊಡ್ಡಾಸ್ಪತ್ರೆ ಎಂದರೆ ಮಣಿಪಾಲ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದ ಮೇಲೆ ಈ ಕರಾವಳಿಯ ಚಿಕಿತ್ಸೆಯ ನಕ್ಷೆಯೇ ಬದಲಾಯಿತು.

ಹಾಗೆಂದು ವರದಿ ಹಿಡಿದು ಎಲ್ಲರೂ ಮಣಿಪಾಲದ ಬಸ್ಸು ಹತ್ತಬೇಕಿಲ್ಲ. ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಕಂಡ, ಯಾವ ತೊಂದರೆಯನ್ನೂ ಕೊಡದ ಗುಳ್ಳೆಯನ್ನು ಸುಮ್ಮನೆ ಬಿಡುವುದೇ ವೈದ್ಯರ ಕ್ರಮ. ಮೂತ್ರ ಕಟ್ಟುವುದು, ವೀರ್ಯದಲ್ಲಿ ರಕ್ತ, ಪದೇಪದೇ ಸೋಂಕು, ಇವಿದ್ದರೆ ಮಾತು ಬೇರೆ. ಮಕ್ಕಳಾಗದ ದಂಪತಿಯಲ್ಲಿ ಹೆಂಡತಿಗೆ ನಾಲ್ಕಾರು ಪರೀಕ್ಷೆ, ಹರಕೆ ಎಲ್ಲ ಮುಗಿದ ಮೇಲೆ ಗಂಡನ ವೀರ್ಯ ಪರೀಕ್ಷೆಗೆ ಬರುವುದು ನಮ್ಮಲ್ಲಿ ಹೊಸದಲ್ಲ. ವೀರ್ಯದ ಪ್ರಮಾಣ ತೀರಾ ಕಡಿಮೆಯಿದ್ದರೆ, ದಾರಿಗೆ ಅಡ್ಡವಾಗಿ ಇಂಥದೊಂದು ಗುಳ್ಳೆ ಕೂತಿರಬಹುದು. ಅದನ್ನು ತೆರೆದ ಮೇಲೆ ಕೆಲವರಿಗೆ ಮಕ್ಕಳಾಗಿವೆ, ಎಲ್ಲರಿಗೂ ಅಲ್ಲ. ತೆರೆದ ಬಾಯಿಯಿಂದ ಮೂತ್ರ ಹಿಂದಕ್ಕೆ ನುಗ್ಗಿ ವೃಷಣದ ಬಳಿ ಸೋಂಕಾಗುವುದೂ ಉಂಟು. ಆಪರೇಷನ್ನಿಗೆ ಸಹಿ ಹಾಕುವ ಮುಂಚೆ ಡಾಕ್ಟರನ್ನು ಕೇಳಿ ತಿಳಿದುಕೊಳ್ಳಬೇಕಾದ ಸಂಗತಿ ಅದು.