ಹಿಡಿಯೋದೇ ಬೇರೆ, ಕೂಡಿಸೋದೇ ಬೇರೆ

‘ಎಂತ ಮಾರಾಯ, ನೀನು ಕೊಟ್ಟ ಫ್ರೇಮು ಗೋಡೆ ಮೇಲೇ ಬಿಚ್ಕೊಂಡಿದೆ!’

ಫೋನಿನಲ್ಲಿ ಈ ಮಾತು ಕೇಳಿದಾಗ ನಾನು ಎಸ್‌ಡಿಎ ಪರೀಕ್ಷೆಯ ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತಾ ಕೂತಿದ್ದೆ. ಓಡಿಹೋಗಿ ನೋಡಿದೆ. ಶಾಲೆಯೊಂದರ ವಾರ್ಷಿಕೋತ್ಸವಕ್ಕೆಂದು ಮಾಡಿಕೊಟ್ಟಿದ್ದ 15 ಫೋಟೊ ಫ್ರೇಮುಗಳಲ್ಲಿ 9ರ ಮೂಲೆಗಳು ಬಾಯಿ ಬಿಟ್ಟಿದ್ದವು. ಅದು ನನ್ನ ಮೊದಲ ಆರ್ಡರ್. ಮುಂಗಡವಾಗಿ ಬಂದಿದ್ದ 1,500 ರೂಪಾಯಿ ಆಗಲೇ ಮರಕ್ಕೆ, ಅಂಟಿಗೆ ಖರ್ಚಾಗಿತ್ತು.

ನಮ್ಮೂರು ಸಾಗರ. ಗುಡಿಗಾರರ ಗಂಧದ ಕೆತ್ತನೆಗೆ ಹೆಸರಾದ ಊರು. ಇಂಥ ಊರಲ್ಲಿ ನಾಲ್ಕು ಪಟ್ಟಿ ಸರಿಯಾಗಿ ಕೂಡಿಸೋಕೆ ಬರಲಿಲ್ಲ ಅಂದರೆ ತಲೆ ಎತ್ತಿ ಓಡಾಡೋದು ಹೇಗೆ? ಬಿಕಾಂ ಮುಗಿಸಿ ಎರಡು ವರ್ಷ ಆಗಿತ್ತು. ‘ಮುಂದೆಂತ ಮಾಡ್ತೀಯಾ?’ ಅನ್ನೋ ಪ್ರಶ್ನೆಗೆ ‘ಓದ್ತಾ ಇದೀನಿ’ ಅಂತ ಹೇಳಿ ಹೇಳಿ ನನಗೇ ಬೇಸರವಾಗಿತ್ತು. ಖಾಲಿ ಬಿದ್ದಿದ್ದ ಹಿತ್ತಲ ಕೊಟ್ಟಿಗೆಯಲ್ಲಿ ಅಜ್ಜನ ಕಾಲದ ಗರಗಸ, ಎರಡು ಉಳಿ ಸಿಕ್ಕಿದ್ದೇ ನೆಪ. ಮೊಬೈಲ್ ನೋಡಿಕೊಂಡು ಮರಗೆಲಸ ಶುರು ಮಾಡಿದ್ದೆ.

ಶುರು ಮಾಡಿದ ಮೇಲೆ ಗೊತ್ತಾಯಿತು, ಅಂಟು ಹಚ್ಚಿದ ಮರವನ್ನು ಅದು ಒಣಗೋ ತನಕ ಒತ್ತಿ ಹಿಡಿಯೋಕೆ ಯಾರಾದರೂ ಬೇಕು. ಬಿಳಿ ಅಂಟಿಗೆ ಕನಿಷ್ಠ ಅರ್ಧ ಗಂಟೆ, ಒಂದು ಗಂಟೆ ಬಿಗಿ ಬೇಕು. ಪೂರ್ತಿ ಗಟ್ಟಿಯಾಗೋಕೆ ಒಂದು ದಿನ. ನಮ್ಮ ಕೈ ಐದು ನಿಮಿಷಕ್ಕೇ ನಡುಗುತ್ತೆ. ತಿರುಪು ಹಾಕಿ ಬಿಗಿಸೋ ಜಿ-ಕ್ಲ್ಯಾಂಪ್ ಕೇಳಿದರೆ ಒಂದಕ್ಕೇ 250 ರೂಪಾಯಿ. ಆಗ ಕಣ್ಣಿಗೆ ಬಿದ್ದಿದ್ದು ಸ್ಪ್ರಿಂಗ್ ಕ್ಲ್ಯಾಂಪ್. ನೋಡೋಕೆ ಬಟ್ಟೆ ಒಣಹಾಕೋ ಕ್ಲಿಪ್ಪಿನ ದೊಡ್ಡಣ್ಣ. ಆನ್‌ಲೈನಿನಲ್ಲಿ 22 ಕ್ಲ್ಯಾಂಪಿಗೆ 650 ರೂಪಾಯಿ! ಅಮ್ಮನ ಹತ್ತಿರ ಸಾಲ ಮಾಡಿ ತರಿಸಿಯೇಬಿಟ್ಟೆ.

ಬಂದ ಪೆಟ್ಟಿಗೆ ಬಿಚ್ಚಿದಾಗಲೇ ಅನುಮಾನ ಬರಬೇಕಿತ್ತು. ‘6 ಇಂಚು’ ಅಂತ ಬರೆದಿದ್ದು ಕ್ಲ್ಯಾಂಪಿನ ಉದ್ದ. ಅಳೆದು ನೋಡಿದರೆ ಬಾಯಿ ತೆರೆಯುತ್ತಿದ್ದದ್ದು ಎರಡೂವರೆ ಇಂಚು ಮಾತ್ರ. ಕೆಲವಕ್ಕೆ ಎರಡು ದವಡೆಗಳೇ ನೇರವಾಗಿ ಕೂಡುತ್ತಿರಲಿಲ್ಲ. ತುದಿಯಲ್ಲಿ ಅಲ್ಲಾಡೋ ಪ್ಲಾಸ್ಟಿಕ್ ಒತ್ತುಗಳು ಎರಡನೇ ದಿನಕ್ಕೇ ಕಳಚಿ ಮರದ ಹೊಟ್ಟಿನಲ್ಲಿ ಮಾಯವಾದವು. ಒಂದಂತೂ ನಡುರಾತ್ರಿ ‘ಟಪ್’ ಅಂತ ಮುರಿದು, ಕೊಟ್ಟಿಗೆಗೆ ಕಳ್ಳ ಬಂದ ಅಂತ ಅಪ್ಪ ಟಾರ್ಚ್ ಹಿಡಿದು ಓಡಿದ್ದರು.

ಹಾಗಾಗಿ ಫ್ರೇಮು ಬಿಚ್ಚಿಕೊಂಡಾಗ ಅಪರಾಧಿ ಯಾರು ಅಂತ ನನಗೆ ಖಾತ್ರಿಯಿತ್ತು. ಕ್ಲ್ಯಾಂಪುಗಳನ್ನೂ ಬಿಚ್ಚಿಕೊಂಡ ಒಂದು ಫ್ರೇಮನ್ನೂ ಚೀಲಕ್ಕೆ ತುಂಬಿಕೊಂಡು ನಮ್ಮ ಕೇರಿಯ ಆಚಾರ್ರ ಮನೆಗೆ ಹೋದೆ. ‘ನೋಡಿ ಆಚಾರ್ರೇ, ಎಂಥ ಮೋಸ ಮಾಡಿದಾರೆ’ ಅಂದೆ.

ಅವರು ಕ್ಲ್ಯಾಂಪು ಮುಟ್ಟಲೇ ಇಲ್ಲ. ಫ್ರೇಮಿನ ಮೂಲೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

‘ಇದನ್ನ ಎಲ್ಲಿಗೆ ಕಚ್ಚಿಸಿದ್ದೆ?’

ತೋರಿಸಿದೆ. ಮೂಲೆಯ ಮೇಲೊಂದು ದವಡೆ, ಕೆಳಗೊಂದು ದವಡೆ.

‘ಅದೇ ಆಗಿದ್ದು. ನಿನ್ನ ಕ್ಲಿಪ್ಪು ಮೇಲಿಂದ ಕೆಳಕ್ಕೆ ಹಿಡ್ಕೊಂಡಿತ್ತು. ಮೂಲೆ ಕೂಡ್ಬೇಕು ಅಂದ್ರೆ ಒಂದು ಪಟ್ಟೀನ ಇನ್ನೊಂದರ ಕಡೆಗೆ ದೂಡ್ಬೇಕು. ಹಿಡಿಯೋದೇ ಬೇರೆ, ಕೂಡಿಸೋದೇ ಬೇರೆ ಮಾರಾಯ.’

ಆಮೇಲೆ ಒಂದು ಹಗ್ಗ ತಂದರು. ಫ್ರೇಮಿನ ನಾಲ್ಕೂ ಮೂಲೆಗೆ ಕಚ್ಚು ಹಾಕಿದ ಸಣ್ಣ ಮರದ ತುಂಡು ಕೂರಿಸಿ, ಸುತ್ತ ಹಗ್ಗ ಕಟ್ಟಿ, ನಡುವೆ ಒಂದು ಕಡ್ಡಿ ತೂರಿಸಿ ತಿರುಚಿದರು. ಕಡ್ಡಿ ತಿರುಗಿದಷ್ಟೂ ನಾಲ್ಕೂ ಮೂಲೆ ಒಟ್ಟಿಗೇ ಒಳಕ್ಕೆ ಎಳೆದುಕೊಂಡವು. ಖರ್ಚು ಸೊನ್ನೆ. 45 ಡಿಗ್ರಿಗೆ ಓರೆ ಕೊಯ್ದ ತುದಿ ಅಂಟನ್ನು ಕುಡಿದುಬಿಡುತ್ತೆ, ಮೊದಲೊಮ್ಮೆ ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಚ್ಚಬೇಕು ಅನ್ನೋದನ್ನೂ ಅವತ್ತೇ ಹೇಳಿಕೊಟ್ಟರು.

ಒಂಬತ್ತು ಫ್ರೇಮುಗಳನ್ನೂ ಮನೆಗೆ ತಂದೆ. ಒಣಗಿದ ಅಂಟಿನ ಮೇಲೆ ಹೊಸ ಅಂಟು ಹಿಡಿಯೋದಿಲ್ಲ. ಹಳೇದನ್ನೆಲ್ಲ ಉಳಿಯಿಂದ ಕೆರೆದು ತೆಗೆದು, ಹಗ್ಗ ಕಟ್ಟಿ ಮತ್ತೆ ಕೂಡಿಸಿದೆ. ವಾಪಸ್ ಕೊಡುವಾಗ ಬಾಕಿ ದುಡ್ಡು ಕೇಳಲಿಲ್ಲ. ಕೇಳೋ ಮುಖವೂ ಇರಲಿಲ್ಲ.

ಹಾಗಾದರೆ ಸ್ಪ್ರಿಂಗ್ ಕ್ಲ್ಯಾಂಪ್ ದಂಡವಾ? ಖಂಡಿತ ಅಲ್ಲ. ಅದರ ಕೆಲಸವೇನು ಅಂತ ತಿಳಿದ ಮೇಲೆ ಕೊಳ್ಳೋದೂ ಸುಲಭವಾಯಿತು. ಜಿ-ಕ್ಲ್ಯಾಂಪಿನ ಹಾಗೆ ಇದರ ಬಿಗಿಯನ್ನು ನಾವು ಹೆಚ್ಚು ಮಾಡೋಕಾಗಲ್ಲ, ಸ್ಪ್ರಿಂಗ್ ಕೊಟ್ಟಷ್ಟೇ. ಆದ್ದರಿಂದ ದಪ್ಪ ಹಲಗೆಗಳನ್ನು ಎಳೆದು ಕೂಡಿಸೋಕೆ ಇದು ಬೇಡ. ತೆಳು ಪಟ್ಟಿಯನ್ನು ಹಲಗೆ ಮೇಲೆ ಅಂಟಿಸೋಕೆ, ಮಾಪನದ ಪಟ್ಟಿ ಜಾರದಂತೆ ಹಿಡಿಯೋಕೆ ಇದರಷ್ಟು ಚುರುಕು ಬೇರೊಂದಿಲ್ಲ. ಒಂದೇ ಕೈಯಲ್ಲಿ ಹಾಕಬಹುದು, ತೆಗೆಯಬಹುದು.

ಎರಡನೇ ಸಲ ನಾನು ಊರಿನ ಹಾರ್ಡ್‌ವೇರ್ ಅಂಗಡಿಗೇ ಹೋದೆ, ಕೈಯಲ್ಲಿ ಮುಟ್ಟಿ ನೋಡಬೇಕಿತ್ತು. ಜೇಬಲ್ಲಿ ಒಂದು ಸ್ಕೇಲು, ಒಂದು ಕಾಗದದ ಚೂರು. ಸ್ಕೇಲಿನಿಂದ ಬಾಯಿ ಎಷ್ಟು ತೆರೆಯುತ್ತೆ ಅಂತ ಅಳೆದೆ. ಕಾಗದವನ್ನು ದವಡೆಯ ನಡುವೆ ಸಿಕ್ಕಿಸಿ ಒಂದೊಂದು ಬದಿಯಿಂದ ಎಳೆದೆ. ಒಂದು ಬದಿ ಬಿಗಿಯಾಗಿದ್ದು ಇನ್ನೊಂದು ಬದಿ ಜಾರಿದರೆ ದವಡೆ ಸೊಟ್ಟ ಅಂತ ಅರ್ಥ. ಹಿಡಿಗಳನ್ನು ಅಡ್ಡಡ್ಡ ಅಲ್ಲಾಡಿಸಿ ನಡುವಿನ ರಿವೆಟ್ ಸಡಿಲವಿದೆಯಾ ಅಂತ ನೋಡಿದೆ. ಹತ್ತು ಸಲ ತೆರೆದು ಮುಚ್ಚಿದೆ. ಅಂಗಡಿಯವರು ‘ಎಷ್ಟು ಡಜನ್ ಬೇಕು ಸಾರ್?’ ಅಂದರು. ‘ಎರಡು ಕೊಡಿ’ ಅಂದೆ! ಅವರ ಮುಖ ನೋಡಬೇಕಿತ್ತು.

ಆ ಎರಡನ್ನೂ ಒಂದು ದಪ್ಪ ತುಂಡಿಗೆ ಕಚ್ಚಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆಯೂ ಹಿಡಿತ ಹಾಗೇ ಇತ್ತು, ಎಲ್ಲೂ ಬಿರುಕಿಲ್ಲ. ಆಮೇಲೆ ಇನ್ನೂ ಆರು ತಂದೆ. ಕಬ್ಬಿಣದ್ದು, ತಲಾ 70 ರೂಪಾಯಿ, ಒಟ್ಟು 560. ಮೊದಲ ಪೆಟ್ಟಿಗೆಗಿಂತ 90 ರೂಪಾಯಿ ಕಡಿಮೆ.

ಕಬ್ಬಿಣದ್ದಕ್ಕೆ ಒಂದು ಎಚ್ಚರ ಬೇಕು. ಮಲೆನಾಡಿನವರಿಗೆ ಅಡಿಕೆ ಸುಲಿಯೋ ಕತ್ತಿ ಕಪ್ಪಾಗೋದು ಗೊತ್ತೇ ಇದೆ. ಅಕೇಶಿಯಾದಂಥ ಮರದಲ್ಲೂ ಚೊಗರಿರುತ್ತೆ. ಒದ್ದೆ ಅಂಟಿನ ಹತ್ತಿರ ಕಬ್ಬಿಣ ತಾಗಿದರೆ ಕಪ್ಪು ಕಲೆ ಉಳಿಯುತ್ತೆ. ನಡುವೆ ಒಂದು ಸೆಲ್ಲೋಟೇಪ್ ಸುತ್ತಿದ ಪಟ್ಟಿ ಇಟ್ಟರಾಯಿತು. ಕಲೆಯೂ ಆಗಲ್ಲ, ಬಿಗಿಯೂ ಒಂದೇ ಕಡೆ ಬೀಳದೆ ಉದ್ದಕ್ಕೂ ಹರಡುತ್ತೆ.

ಇನ್ನೂ ಕಡಿಮೆ ಖರ್ಚಿನ ದಾರಿಯೂ ಇದೆ. ತೋಟದಲ್ಲಿ ಉಳಿದ ಪಿವಿಸಿ ಪೈಪನ್ನು ಒಂದೊಂದು ಇಂಚಿಗೆ ಬಳೆಯಂತೆ ಕೊಯ್ದು, ಪ್ರತಿ ಬಳೆಯನ್ನೂ ಒಂದು ಕಡೆ ಸೀಳಿ. ಅದನ್ನು ಅಗಲಿಸಿ ಸಿಕ್ಕಿಸಿದರೆ ತೆಳು ಪಟ್ಟಿ ಹಿಡಿಯೋಕೆ ಅದೇ ಕ್ಲ್ಯಾಂಪು. ನನ್ನ ಬಳಿ ಈಗ ಅಂಥವು 20 ಇವೆ.

ಈಗ ನಾನು ಓದೋ ಪುಸ್ತಕ ನಿಲ್ಲಿಸೋ ಸ್ಟ್ಯಾಂಡ್ ಮಾಡ್ತೀನಿ. ಹಲಗೆಯ ಕೆಳಗಂಚಿಗೆ ಪುಸ್ತಕ ಜಾರದಂತೆ ಒಂದು ಪಟ್ಟಿ ಅಂಟಿಸಬೇಕು. ಅದಕ್ಕೆ ಮೂರಿಂಚಿಗೊಂದರಂತೆ ನಾಲ್ಕು ಸ್ಪ್ರಿಂಗ್ ಕ್ಲ್ಯಾಂಪ್ ಸಾಕು. ಮೊದಲ ಸ್ಟ್ಯಾಂಡು ನನಗೇ ಮಾಡಿಕೊಂಡಿದ್ದು. ಗ್ರಂಥಾಲಯದಲ್ಲಿ ನನ್ನ ಜೊತೆ ಪರೀಕ್ಷೆಗೆ ಓದುವ ಗೆಳೆಯರು ನೋಡಿ ಕೇಳಿದರು. ಇಲ್ಲಿತನಕ 31 ಮಾರಿದ್ದೇನೆ. ಒಂದೂ ವಾಪಸ್ ಬಂದಿಲ್ಲ. ಅಮ್ಮನ 650 ತೀರಿದೆ. ಪರೀಕ್ಷೆಯ ಅರ್ಜಿ ಶುಲ್ಕಕ್ಕೆ ಅಪ್ಪನ ಮುಂದೆ ಕೈ ಚಾಚೋದು ನಿಂತಿದೆ. ಕೆಲಸ ಇನ್ನೂ ಸಿಕ್ಕಿಲ್ಲ, ಓದು ನಡೆದಿದೆ.

ಮೊನ್ನೆ ಸಂಜೆ ಆಚಾರ್ರು ಕೊಟ್ಟಿಗೆ ಬಾಗಿಲಲ್ಲಿ ಬಂದು ನಿಂತರು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ‘ಆ ನಿನ್ನ ಕ್ಲಿಪ್ಪು ನಾಲ್ಕು ಕೊಡ ಮಾರಾಯ, ನಾಳೆ ಕೊಡ್ತೀನಿ’ ಅಂದರು. ಒಂದು ವಾರವಾಯಿತು. ಇನ್ನೂ ಬಂದಿಲ್ಲ. ನಾನೂ ಕೇಳೋಕೆ ಹೋಗಿಲ್ಲ.