ಫೈವ್ ಸ್ಯಾಟಿನ್ಸ್: ನ್ಯೂ ಹೇವನ್ನಿನ ಒಂದು ಗಾಯಕತಂಡ

ಡೂ-ವಾಪ್ ಎಂಬ ಹಾಡುಗಾರಿಕೆಯ ಚರಿತ್ರೆಯನ್ನು ನ್ಯೂಯಾರ್ಕ್, ಲಾಸ್ ಏಂಜಲೀಸ್‌ಗಳಂಥ ಮಹಾನಗರಗಳಿಂದ ತೊಡಗುವುದು ವಾಡಿಕೆ. ಆದರೆ ಆ ಪ್ರಕಾರದ ಅತಿ ಪ್ರಸಿದ್ಧ ಧ್ವನಿಮುದ್ರಿಕೆಗಳಲ್ಲೊಂದು ಸಿದ್ಧವಾದದ್ದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ನಿನಲ್ಲಿ, ಒಂದು ಇಗರ್ಜಿಯ ನೆಲಮಾಳಿಗೆಯಲ್ಲಿ. ಹಾಡಿದವರು ಆ ಊರಿನ ಆಫ್ರಿಕನ್-ಅಮೆರಿಕನ್ ತರುಣರು. ತಂಡದ ಹೆಸರು ಫೈವ್ ಸ್ಯಾಟಿನ್ಸ್.

ಡೂ-ವಾಪ್‌ನಲ್ಲಿ ಕೊರಳೇ ವಾದ್ಯ. ಒಬ್ಬನು ಸಾಹಿತ್ಯವನ್ನು ಹಾಡುತ್ತಾನೆ. ಮಂದ್ರದ ಧ್ವನಿಯೊಂದು ತಳಪಾಯ ಹಾಕುತ್ತದೆ. ಮಿಕ್ಕವರು ನಡುವಣ ಮತ್ತು ಮೇಲಣ ಸ್ವರಗಳನ್ನು ಹಿಡಿಯುತ್ತಾರೆ. ಇದು ಹಿಮ್ಮೇಳವೇ, ಆದರೆ ಕಾಸರಗೋಡಿನ ಯಕ್ಷಗಾನಪ್ರಿಯರು ಚೆಂಡೆ ಮದ್ದಳೆಗಳನ್ನು ನೆನೆಯಬೇಕಾಗಿಲ್ಲ. ಇಲ್ಲಿ ಹಿಮ್ಮೇಳವೆಂದರೆ ಬರಿಯ ಕಂಠಗಳು. ತಿಲ್ಲಾನದ ಸೊಲ್ಲುಗಳಂತೆ ಅವು ಅರ್ಥವಿಲ್ಲದ ಅಕ್ಷರಗಳನ್ನು ಲಯಕ್ಕಾಗಿ ಉಚ್ಚರಿಸುತ್ತವೆ. ಪ್ರಕಾರಕ್ಕೆ ಹೆಸರು ಬಂದುದೂ ಅಂಥ ಅಕ್ಷರಗಳಿಂದಲೇ, ಅದೂ ಹಾಡುಗಳು ಹುಟ್ಟಿ ಎಷ್ಟೋ ವರ್ಷಗಳ ಮೇಲೆ. ವಾದ್ಯ ಕೊಳ್ಳಲು ಹಣವಿಲ್ಲದ ಹುಡುಗರು ಬೀದಿಯ ಮೂಲೆಯಲ್ಲಿ, ಶಾಲೆಯ ಮೆಟ್ಟಿಲ ಸಾಲಿನಲ್ಲಿ, ದನಿ ಮರುಗುಡುವೆಡೆಯಲ್ಲೆಲ್ಲ ನಿಂತು, ಸ್ವರಲಿಪಿಯ ನೆರವಿಲ್ಲದೆ ಕಿವಿಯಿಂದ ಕಿವಿಗೆ ಕಲಿತ ವಿದ್ಯೆ ಇದು.

ತಂಡದ ಮುಖ್ಯ ಗಾಯಕ ಫ್ರೆಡ್ ಪ್ಯಾರಿಸ್ ಜನಿಸಿದ್ದು 1936ರಲ್ಲಿ. ಆತನ ಮೊದಲ ತಂಡ ಸ್ಕಾರ್ಲೆಟ್ಸ್ 1954ರಲ್ಲಿ ಹಾರ್ಲೆಮ್ಮಿನ ರೆಡ್ ರಾಬಿನ್ ಸಂಸ್ಥೆಗೆ ಹಾಡಿತ್ತು. ಸೇನೆಯ ಕರೆ ಬಂದು ಅದು ಚದುರಿತು. ಆಮೇಲೆ ಕೂಡಿದ್ದು ಫೈವ್ ಸ್ಯಾಟಿನ್ಸ್. ಮಾರ್ಟಿ ಕುಗೆಲ್ ಮೊದಲಾದ ಸ್ಥಳೀಯ ಯುವಕರು ನಡೆಸುತ್ತಿದ್ದ ಸ್ಟ್ಯಾಂಡರ್ಡ್ ಎಂಬ ಪುಟ್ಟ ಕಂಪನಿಗೆ ಸ್ವಂತ ಸ್ಟುಡಿಯೋ ಇರಲಿಲ್ಲ. ‘ಆಲ್ ಮೈನ್’ ಎಂಬ ಹಾಡನ್ನು ನಿವೃತ್ತ ಸೈನಿಕರ ಸಭಾಂಗಣವೊಂದರಲ್ಲಿ ವಾದ್ಯಗಳಿಲ್ಲದೆಯೇ ಮುದ್ರಿಸಿದರು. ಹೊರಗೆ ಲಾರಿಯೊಂದು ಹಾದುಹೋದ ಸದ್ದನ್ನು ಆ ತಟ್ಟೆಯಲ್ಲಿ ಸಂಗ್ರಾಹಕರು ಇಂದಿಗೂ ತೋರಿಸುತ್ತಾರೆ.

ಸೈನ್ಯದಲ್ಲಿದ್ದ ಪ್ಯಾರಿಸ್ ರಾತ್ರಿ ಕಾವಲಿನ ಹೊತ್ತಿನಲ್ಲಿ ಕಟ್ಟಿದ ಹಾಡು ‘ಇನ್ ದ ಸ್ಟಿಲ್ ಆಫ್ ದ ನೈಟ್’. ಸ್ಯಾಕ್ಸೊಫೋನ್ ನುಡಿಸುತ್ತಿದ್ದ ವಿನ್ನಿ ಮಝೆಟ್ಟ ಸೇಂಟ್ ಬರ್ನಡೆಟ್ ಇಗರ್ಜಿಯ ಒಕ್ಕಲು. ಆತನ ಮೂಲಕ ಅದರ ನೆಲಮಾಳಿಗೆ ದೊರೆಯಿತು. 1956ರ ಫೆಬ್ರವರಿಯಲ್ಲಿ ಅಲ್ಲಿ ಹಾಡಿದವರು ಪ್ಯಾರಿಸ್, ಅಲ್ ಡೆನ್ಬಿ, ಎಡ್ ಮಾರ್ಟಿನ್, ಜಿಮ್ ಫ್ರೀಮನ್. ಹೆಸರಿನಲ್ಲಿ ಐದು, ತಟ್ಟೆಯಲ್ಲಿ ನಾಲ್ಕೇ ಕೊರಳು! ಸ್ಟುಡಿಯೋದ ಅಳತೆಗೋಲಿನಿಂದ ನೋಡಿದರೆ ಧ್ವನಿ ಮಸುಕಾಗಿದೆ, ವಾದ್ಯಗಳು ದೂರದಲ್ಲೆಲ್ಲೋ ಇವೆ. ಈ ಲೇಖಕನ ಮಟ್ಟಿಗೆ ಹಾಡಿನ ಏಕಾಂತವೆಲ್ಲ ಇರುವುದು ಆ ಮಸುಕಿನಲ್ಲಿಯೇ.

ಮೊದಲು ಇದು ಬೇರೊಂದು ಹಾಡಿನ ಹಿಂಬದಿಯಾಗಿತ್ತು. ಎಂಬರ್ ಸಂಸ್ಥೆ ಹಂಚಿಕೆಗೆ ಎತ್ತಿಕೊಂಡ ಮೇಲೆ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 3ನೆಯ, ಪಾಪ್ ಪಟ್ಟಿಯಲ್ಲಿ 24ನೆಯ ಸ್ಥಾನಕ್ಕೇರಿತು. ಮೊದಲನೆಯದು ಮುಖ್ಯವಾಗಿ ಕರಿಯ ಕೇಳುಗರ ಮಾರುಕಟ್ಟೆಯ ಅಳತೆ, ಎರಡನೆಯದು ಬಹುಮಟ್ಟಿಗೆ ಬಿಳಿಯರದು. ಒಂದೇ ಹಾಡಿನ ಈ ಎರಡು ಅಂಕಗಳ ಅಂತರವೇ ಆ ಕಾಲದ ಸಮಾಜವನ್ನು ಸಾಕಷ್ಟು ಹೇಳುತ್ತದೆ.

ಹಾಡು ಗೆದ್ದಾಗ ಕರ್ತೃ ಜಪಾನಿನಲ್ಲಿ ಸೈನಿಕ ಸೇವೆಯಲ್ಲಿದ್ದ. ಕೀರ್ತಿ ಕಾಯುವುದಿಲ್ಲವಷ್ಟೆ, ಬಿಲ್ ಬೇಕರ್ ಎಂಬಾತನನ್ನು ಮುಂದಿಟ್ಟುಕೊಂಡು ತಂಡ 1957ರಲ್ಲಿ ‘ಟು ದಿ ಐಲ್’ ಹಾಡಿತು, ಅದೂ ಜನಪ್ರಿಯವಾಯಿತು. ಮರಳಿ ಬಂದ ಪ್ಯಾರಿಸ್ ತನ್ನದೇ ತಂಡವನ್ನು ಹೊಸದಾಗಿ ಕಟ್ಟಬೇಕಾಯಿತು. ಅಷ್ಟರಲ್ಲಿ ಅವನ ಹಾಡು ‘ಹಳೆಯದು’ ಆಗಿತ್ತು. ಆ ಹಳಮೆಯೇ ಅದನ್ನು ಉಳಿಸಿತೆಂಬುದು ಸೋಜಿಗ: ಆರ್ಟ್ ಲಬೋ 1959ರಲ್ಲಿ ಹೊರತಂದ ಹಳೆಯ ಹಾಡುಗಳ ಸಂಕಲನದಲ್ಲಿ ಅದು ಸೇರಿತು, 1960 ಹಾಗೂ 1961ರಲ್ಲಿ ಪಾಪ್ ಪಟ್ಟಿಯ ಕೆಳತುದಿಗೆ ಮತ್ತೆ ಬಂದಿತು.

1992ರಲ್ಲಿ ಬಾಯ್ಜ್ ಟು ಮೆನ್ ತಂಡ ಅದನ್ನು ವಾದ್ಯವಿಲ್ಲದೆ ಹಾಡಿ ಪಾಪ್ ಪಟ್ಟಿಯ 3ನೆಯ ಸ್ಥಾನ ಮುಟ್ಟಿಸಿತು. ಮೂಲ ಗಾಯಕರಿಗೆ ಆ ಪಟ್ಟಿಯಲ್ಲಿ ದೊರೆಯದಿದ್ದ ಎತ್ತರವದು. ಪ್ಯಾರಿಸ್ ವೃದ್ಧಾಪ್ಯದವರೆಗೂ ಫೈವ್ ಸ್ಯಾಟಿನ್ಸ್ ಹೆಸರಿನಲ್ಲಿ ವೇದಿಕೆಯೇರುತ್ತಿದ್ದು, 2022ರ ಜನವರಿಯಲ್ಲಿ, 85ನೆಯ ವಯಸ್ಸಿನಲ್ಲಿ ತೀರಿಕೊಂಡನು.