ಪಿಜಿ ಕೋಣೆಯಲ್ಲಿ ಸಿಟ್-ಅಪ್: ಬೆನ್ನು ಜೋಪಾನ

ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಯುಪಿಎಸ್‌ಸಿಗೆ ಓದ್ತಿರೋ ಕನ್ನಡದ ಹುಡುಗ ಹುಡುಗಿಯರೇ, ದಿನವಿಡೀ ಲೈಬ್ರರಿ ಕುರ್ಚಿಯಲ್ಲಿ ಬಾಗಿ ಕೂತ ಬೆನ್ನು ನಿಮ್ಮದು. ಬೆಳಿಗ್ಗೆ ಎದ್ದ ತಕ್ಷಣ ಸಿಟ್-ಅಪ್ ಬೇಡ. ರಾತ್ರಿಯೆಲ್ಲಾ ನೀರು ಹೀರಿ ಡಿಸ್ಕ್‌ಗಳು ಉಬ್ಬಿರುತ್ತವೆ. ಒಂದು ಗಂಟೆಯಾದರೂ ಕಳೀಲಿ.

ಪೂರ್ತಿ ಎದ್ದು ಕೂರೋದೂ ಬೇಡ. ಅರ್ಧ ಎದ್ದ ಮೇಲೆ ಹೆಚ್ಚು ಎಳೆಯೋದು ಹೊಟ್ಟೆಯಲ್ಲ, ತೊಡೆಸಂದಿನ ಸ್ನಾಯುಗಳು. ಅವು ಕೆಳಬೆನ್ನನ್ನೂ ಜಗ್ಗುತ್ತವೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದ ಸ್ಟುವರ್ಟ್ ಮೆಕ್‌ಗಿಲ್ ರೂಪಿಸಿದ ಕರ್ಲ್-ಅಪ್ ನನಗೆ ಸಿಟ್-ಅಪ್‌ಗಿಂತ ಎಷ್ಟೋ ಮೇಲು ಅನ್ನಿಸುತ್ತೆ.

ಕರ್ಲ್-ಅಪ್‌ಗೆ ಮ್ಯಾಟ್ ಮೇಲೆ ಅಂಗಾತ ಮಲಗಿ. ಒಂದು ಮಂಡಿ ಮಡಚಿ, ಇನ್ನೊಂದು ಕಾಲು ಚಾಚಿ. ಅಂಗೈಗಳು ಕೆಳಬೆನ್ನಿನ ಅಡಿಯಲ್ಲಿರಲಿ. ಕತ್ತು ಬಗ್ಗಿಸದೆ ತಲೆ, ಭುಜ ಸ್ವಲ್ಪವೇ ಎತ್ತಿ. ಉಸಿರಾಡುತ್ತಲೇ 10 ಸೆಕೆಂಡ್ ಹಿಡಿದು, ಇಳಿಸಿ.

ಕಾಲಿಗೆ ನೋವು, ಜೋಮು ಹರಡಿದರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.